ಮುದ್ರೆಗೆ ರಹದಾರಿ, ಕೀಲಿಗೆ ತಡೆ

1481ರ ಏಪ್ರಿಲ್‌ನಲ್ಲಿ ಬಹಮನಿ ಸುಲ್ತಾನ ಮೂರನೆಯ ಮುಹಮ್ಮದ್ ಶಾ ತನ್ನ ವಜೀರ ಮಹಮೂದ್ ಗಾವಾನನ ತಲೆ ತೆಗೆಸಿದ. ಕಾರಣ ಒಂದು ಕಾಗದ. ಒಡಿಶಾದ ಅರಸನಿಗೆ ದಂಡೆತ್ತಿ ಬರುವಂತೆ ಕರೆ ಕೊಟ್ಟ ಆ ಪತ್ರದ ಮೇಲೆ ಗಾವಾನನ ಮುದ್ರೆ ಇತ್ತು. ಮುದ್ರೆ ಅಸಲಿ, ಬರಹ ನಕಲಿ. ಮುದ್ರೆ ಕಾಯುತ್ತಿದ್ದ ಸೇವಕನಿಗೆ ಕುಡಿಸಿ, ಖಾಲಿ ಹಾಳೆಯ ಮೇಲೆ ಮುದ್ರೆ ಒತ್ತಿಸಿಕೊಂಡ ವೈರಿಗಳು ಆಮೇಲೆ ತಮಗೆ ಬೇಕಾದ್ದನ್ನು ಬರೆದರೆಂದು ಚರಿತ್ರೆಕಾರ ಫರಿಷ್ತಾ ಹೇಳುತ್ತಾನೆ. 1472ರಲ್ಲಿ ಬೀದರಿನಲ್ಲಿ ಮದರಸಾ ಕಟ್ಟಿಸಿ ದೂರದೂರದ ವಿದ್ವಾಂಸರನ್ನು ಕರೆತಂದ ಮನುಷ್ಯ ಹೀಗೆ ಸತ್ತ. ಮರುವರ್ಷ ಸುಲ್ತಾನನೂ ತೀರಿಕೊಂಡ, ರಾಜ್ಯ ಒಡೆಯತೊಡಗಿತು.

ಗಾವಾನನ ಮುದ್ರೆಯಲ್ಲಿದ್ದ ದೋಷವನ್ನು ಗಣಿತದ ಕಣ್ಣಿನಿಂದ ನೋಡಬಹುದು. ಆ ಮುದ್ರೆಗೂ ಅದರ ಮೇಲಿನ ಬರಹಕ್ಕೂ ಸಂಬಂಧವೇ ಇರಲಿಲ್ಲ. ಯಾವ ಹಾಳೆಯ ಮೇಲೆ ಒತ್ತಿದರೂ ಅದೇ ಗುರುತು. ಇಂದಿನ ಡಿಜಿಟಲ್ ಸಹಿಯಲ್ಲಿ ಹಾಗಿಲ್ಲ. ಅಲ್ಲಿ ಪತ್ರದ ಒಂದೊಂದು ಅಕ್ಷರವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಒಂದು ಚಿಕ್ಕ ಸಂಖ್ಯೆ ಹೊರಡಿಸುತ್ತಾರೆ. ಸಹಿ ಹಾಕುವವನ ಗುಪ್ತ ಸಂಖ್ಯೆಯನ್ನು ಅದಕ್ಕೆ ಬೆಸೆದಾಗ ಸಹಿ ಸಿದ್ಧವಾಗುತ್ತದೆ. ಆಮೇಲೆ ಪತ್ರದಲ್ಲಿ ಒಂದು ಕೊಂಬು, ಒಂದು ದೀರ್ಘ ಬದಲಾದರೂ ಸಹಿ ತಾಳೆಯಾಗುವುದಿಲ್ಲ. ಖಾಲಿ ಹಾಳೆಗೆ ಹಾಕಿದ ಸಹಿ ಖಾಲಿ ಹಾಳೆಗಷ್ಟೇ ಸಲ್ಲುತ್ತದೆ.

ಇದು ಗೂಢಲಿಪಿ ವಿಜ್ಞಾನದ ಒಂದು ಕೆಲಸ: ಪತ್ರ ಯಾರದೆಂದು ಸಾಬೀತು ಮಾಡುವುದು. ಇನ್ನೊಂದು, ಪತ್ರವನ್ನು ಬೇರೆಯವರು ಓದದಂತೆ ಮುಚ್ಚಿಡುವುದು, ಅಂದರೆ ಎನ್‌ಕ್ರಿಪ್ಷನ್. ಒಂದು ಮುದ್ರೆ, ಇನ್ನೊಂದು ಕೀಲಿ. ಗಣಿತದಲ್ಲಿ ಇವೆರಡೂ ಒಂದೇ ಮನೆಯ ಮಕ್ಕಳು. ಕಾನೂನು ಮಾತ್ರ ಇಬ್ಬರನ್ನೂ ಒಂದೇ ರೀತಿ ನೋಡಲಿಲ್ಲ. ಮುದ್ರೆಯನ್ನು ಗಡಿ ದಾಟಲು ಬಿಟ್ಟಿತು, ಕೀಲಿಯನ್ನು ಗಡಿಯಲ್ಲೇ ತಡೆಯಿತು. 1991ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಡಿಎಸ್‌ಎ ಎಂಬ ಹೊಸ ವಿಧಾನ ಮುಂದಿಟ್ಟಿತು. ಅದರಿಂದ ಸಹಿ ಹಾಕಬಹುದಿತ್ತು, ಗುಟ್ಟು ಮುಚ್ಚಿಡಲು ಆಗುತ್ತಿರಲಿಲ್ಲ. ಕಂಪನಿಗಳಿಗೆ ಅದನ್ನು ಹೊರದೇಶಕ್ಕೆ ಮಾರುವುದು ಸಲೀಸಾಗಿತ್ತು.

ಕೀಲಿಯ ಮೇಲೆ ಸರ್ಕಾರಗಳಿಗೆ ಇಷ್ಟು ಭಯ ಏಕೆ ಎಂದು ತಿಳಿಯಲು ಸ್ವಲ್ಪ ಲೆಕ್ಕ ಬೇಕು. ಎನ್‌ಕ್ರಿಪ್ಷನ್ನಿನ ಬಲ, ವಿಧಾನ ಗಟ್ಟಿಯಿದ್ದರೆ, ಕೀಲಿಕೈ ಎಷ್ಟು ಬಿಟ್ ಉದ್ದವಾಗಿದೆ ಎಂಬುದರಲ್ಲಿದೆ. ಒಂದು ಬಿಟ್ ಎಂದರೆ ಸೊನ್ನೆ ಅಥವಾ ಒಂದು. ಒಂದು ಬಿಟ್ ಹೆಚ್ಚಿಸಿದರೆ ಸಾಧ್ಯವಿರುವ ಕೀಲಿಕೈಗಳ ಸಂಖ್ಯೆ ಇಮ್ಮಡಿ. 40 ಬಿಟ್ಟಿಗೆ ಸುಮಾರು 1.1 ಲಕ್ಷ ಕೋಟಿ ಕೀಲಿಕೈಗಳು. 56 ಬಿಟ್ಟಿಗೆ ಅದರ 65,536 ಪಟ್ಟು. 128 ಬಿಟ್ಟಿಗೆ ಬರುವ ಸಂಖ್ಯೆಗೆ 39 ಅಂಕಿಗಳು. ಸೆಕೆಂಡಿಗೆ ಒಂದು ಲಕ್ಷ ಕೋಟಿ ಕೀಲಿಕೈ ಹಾಕಿ ನೋಡುವ ಯಂತ್ರ ಇದೆಯೆಂದುಕೊಳ್ಳಿ. 40 ಬಿಟ್ಟಿನ ಕೀಲಿ ಅದರ ಮುಂದೆ ಒಂದು ಸೆಕೆಂಡಿನ ಮಾತು. 56 ಬಿಟ್ಟಿನದು 20 ಗಂಟೆ ತಾಳೀತು. 128 ಬಿಟ್ಟಿನ ಎಲ್ಲ ಕೀಲಿಕೈಗಳನ್ನೂ ಹಾಕಿ ನೋಡಲು ವಿಶ್ವದ ಈವರೆಗಿನ ಆಯುಷ್ಯದ 78 ಕೋಟಿ ಪಟ್ಟು ಕಾಲ ಬೇಕು. ಸಾಮ್ರಾಜ್ಯಗಳೇ ಒಡೆಯಲಾಗದ ಕೀಲಿಯನ್ನು ಸಾಮಾನ್ಯ ಕಂಪ್ಯೂಟರು ಕ್ಷಣಮಾತ್ರದಲ್ಲಿ ಜಡಿಯುತ್ತದೆ. ಗೂಢಚಾರ ಸಂಸ್ಥೆಗಳ ನಿದ್ದೆ ಕೆಡಿಸಿದ್ದು ಈ ಅಸಮತೋಲ.

ಶೀತಲ ಸಮರದುದ್ದಕ್ಕೂ ಅಮೆರಿಕ ಎನ್‌ಕ್ರಿಪ್ಷನ್ನನ್ನು ಮದ್ದುಗುಂಡುಗಳ ಪಟ್ಟಿಯಲ್ಲೇ ಇಟ್ಟಿತ್ತು. ರಾಯಭಾರ ಕಚೇರಿ, ಸೇನೆ ಬಿಟ್ಟರೆ ಅದನ್ನು ಬಳಸುವವರೇ ಕಡಿಮೆಯಾಗಿದ್ದ ಕಾಲದಲ್ಲಿ ಆ ನಿಯಮಕ್ಕೆ ಅರ್ಥವಿತ್ತು. 1990ರ ದಶಕದಲ್ಲಿ ವೆಬ್ ಬಂತು. ಅಂಗಡಿ, ಬ್ಯಾಂಕು, ಪ್ರೇಮಪತ್ರ ಎಲ್ಲಕ್ಕೂ ಕೀಲಿ ಬೇಕಾಯಿತು. ನಿಯಮ ಮಾತ್ರ ಫಿರಂಗಿಯ ಕಾಲದ್ದೇ ಉಳಿಯಿತು.

ನೆಟ್‌ಸ್ಕೇಪ್ ಕಂಪನಿ ತನ್ನ ಬ್ರೌಸರನ್ನು ಎರಡು ಬಗೆಯಾಗಿ ಮಾಡಬೇಕಾಯಿತು. ಅಮೆರಿಕದವರಿಗೆ 128 ಬಿಟ್, ಹೊರಗಿನವರಿಗೆ 40 ಬಿಟ್. ಗಟ್ಟಿ ಬ್ರೌಸರು ಪಡೆಯಲು ತಾನು ಅಮೆರಿಕದವನೆಂದು ತೋರಿಸಿಕೊಳ್ಳುವ ತಾಪತ್ರಯ ಎಷ್ಟಿತ್ತೆಂದರೆ, ಅಮೆರಿಕದಲ್ಲೂ ಬಹುಪಾಲು ಜನ ಹೊರದೇಶದ ಸಡಿಲ ಬ್ರೌಸರನ್ನೇ ಇಳಿಸಿಕೊಂಡರು. 1995ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಇನ್ರಿಯಾ ಸಂಸ್ಥೆಯ ಡಾಮಿಯಾಂ ದೊಲಿಜೆ ಎಂಬ ಸಂಶೋಧಕ, ಕಚೇರಿಯಲ್ಲಿ ಸುಮ್ಮನಿದ್ದ ಸುಮಾರು 120 ಕಂಪ್ಯೂಟರುಗಳನ್ನು ಕೂಡಿಸಿ ಆ 40 ಬಿಟ್ಟಿನ ಕೀಲಿಯನ್ನು 8 ದಿನಗಳಲ್ಲಿ ತೆಗೆದು ತೋರಿಸಿದ. 1998ರ ಜುಲೈನಲ್ಲಿ ಅಮೆರಿಕದ ಒಂದು ನಾಗರಿಕ ಹಕ್ಕುಗಳ ಸಂಸ್ಥೆ ಎರಡೂವರೆ ಲಕ್ಷ ಡಾಲರಿಗಿಂತ ಕಡಿಮೆ ಖರ್ಚಿನಲ್ಲಿ ಯಂತ್ರವೊಂದನ್ನು ಕಟ್ಟಿ, ಡಿಇಎಸ್ ಎಂಬ ವಿಧಾನದ 56 ಬಿಟ್ಟಿನ ಕೀಲಿಯನ್ನು 56 ಗಂಟೆಗಳಲ್ಲಿ ತೆರೆಯಿತು.

ತಡೆ ಹಾಕಿದ ದೇಶದ ಕಂಪನಿಗಳು ಗಿರಾಕಿಗಳನ್ನು ಕಳೆದುಕೊಂಡವು. ತಡೆ ಇಲ್ಲದ ಕಡೆ ಹೊಸಬರು ಎದ್ದರು. ಆಸ್ಟ್ರೇಲಿಯಾದಲ್ಲಿ ಎರಿಕ್ ಯಂಗ್ ಮತ್ತು ಟಿಮ್ ಹಡ್ಸನ್ ಎಸ್‌ಎಸ್‌ಎಲ್ ವಿಧಾನವನ್ನು ತಾವೇ ಬರೆದು ಜಗತ್ತಿಗೆ ಹಂಚಿದರು. 1998ರ ಕೊನೆಗೆ ಅದೇ ಓಪನ್‌ಎಸ್‌ಎಸ್‌ಎಲ್ ಆಯಿತು. ಜಗತ್ತಿನ ದೊಡ್ಡ ಪಾಲಿನ ಸರ್ವರುಗಳು ಅದರ ಮೇಲೆ ನಿಂತವು. ದಕ್ಷಿಣ ಆಫ್ರಿಕದ ಮಾರ್ಕ್ ಶಟಲ್‌ವರ್ತ್ 1995ರಲ್ಲಿ ಥಾಟ್ ಎಂಬ ಕಂಪನಿ ತೆರೆದು, ಅಮೆರಿಕದ ನಿಯಮದ ಹಂಗಿಲ್ಲದ 128 ಬಿಟ್ಟಿನ ವೆಬ್ ಸರ್ವರ್ ಮಾರಿದ. ಜೊತೆಗೆ ವೆಬ್‌ಸೈಟುಗಳಿಗೆ ಪ್ರಮಾಣಪತ್ರ ಕೊಡತೊಡಗಿದ. 1999ರ ಕೊನೆಗೆ ಅಮೆರಿಕದ್ದೇ ವೆರಿಸೈನ್ ಕಂಪನಿ ಅದನ್ನು 57.5 ಕೋಟಿ ಡಾಲರಿಗೆ ಕೊಂಡಿತು. ತನ್ನ ಕಂಪನಿಗಳ ಕೈಗೆ ನಿಯಮ ಕಟ್ಟಿದ್ದ ದೇಶ, ಹೊರಗಿನವನು ಬೆಳೆಸಿದ್ದನ್ನು ಆ ಬೆಲೆಗೆ ಒಳಗೆ ತಂದುಕೊಂಡಿತು.

ಫಿಲಿಪ್ ಝಿಮ್ಮರ್‌ಮನ್‌ನ ಪ್ರಕರಣದಲ್ಲಿ ಈ ನಿಯಮದ ಹುಳುಕು ಇನ್ನೂ ಸ್ಪಷ್ಟ. 1991ರಲ್ಲಿ ಅವನು ಬರೆದ ಪಿಜಿಪಿ ಎಂಬ ಎನ್‌ಕ್ರಿಪ್ಷನ್ ತಂತ್ರಾಂಶ ಇಂಟರ್ನೆಟ್ಟಿನ ಮೂಲಕ ದೇಶ ದಾಟಿತು. ಮದ್ದುಗುಂಡು ಸಾಗಿಸಿದಂತೆಯೇ ಎಂದು ಅವನ ಮೇಲೆ 1993ರಲ್ಲಿ ತನಿಖೆ ಶುರುವಾಗಿ, 1996ರ ಜನವರಿಯಲ್ಲಿ ಕೈಬಿಡಲಾಯಿತು. ಅಷ್ಟರಲ್ಲಿ ಅವನ ಗೆಳೆಯರು ಇನ್ನೊಂದು ದಾರಿ ಕಂಡುಕೊಂಡಿದ್ದರು. ತಂತ್ರಾಂಶವನ್ನು ಡಿಸ್ಕಿನಲ್ಲಿ ಕಳಿಸಿದರೆ ಅದು ಆಯುಧ, ಅದೇ ಸಾಲುಗಳನ್ನು ಪುಸ್ತಕವಾಗಿ ಮುದ್ರಿಸಿದರೆ ವಾಕ್ ಸ್ವಾತಂತ್ರ್ಯ. 1997ರಲ್ಲಿ 6000ಕ್ಕೂ ಹೆಚ್ಚು ಪುಟಗಳ ಪುಸ್ತಕಗಳು ಕಾನೂನುಬದ್ಧವಾಗಿ ಯುರೋಪಿಗೆ ಹೋದವು. ಅಲ್ಲಿ ಸ್ವಯಂಸೇವಕರು ಪುಟಪುಟವನ್ನೂ ಸ್ಕ್ಯಾನ್ ಮಾಡಿ, ತಪ್ಪು ತಿದ್ದಿ, ತಂತ್ರಾಂಶವನ್ನು ಮರಳಿ ಎಬ್ಬಿಸಿದರು. ವಿಚಾರ ಒಮ್ಮೆ ಬರವಣಿಗೆಗೆ ಇಳಿದರೆ ಅದನ್ನು ಸುಂಕದ ಕಟ್ಟೆಯಲ್ಲಿ ಹಿಡಿಯಲಾಗದು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಗೊತ್ತಿಲ್ಲ. 1996ರ ಕೊನೆಗೆ ಕ್ಲಿಂಟನ್ ಸರ್ಕಾರ ನಾಗರಿಕ ಬಳಕೆಯ ಎನ್‌ಕ್ರಿಪ್ಷನ್ನನ್ನು ಮದ್ದುಗುಂಡಿನ ಪಟ್ಟಿಯಿಂದ ವಾಣಿಜ್ಯ ಇಲಾಖೆಗೆ ದಾಟಿಸಿತು. 2000ದ ಜನವರಿಯಲ್ಲಿ ನಿಯಮ ನಿಜಕ್ಕೂ ಸಡಿಲವಾಯಿತು.

ಸಡಿಲವಾದರೂ ಹಳೆಯ ತಪ್ಪು ಉಳಿದುಕೊಂಡಿತ್ತು. ರಫ್ತಿಗೆಂದೇ ಮಾಡಿದ ಸಡಿಲ ಕೀಲಿಯನ್ನು ಸರ್ವರುಗಳಿಂದ ಕಿತ್ತುಹಾಕಲು ಎಷ್ಟೋ ಕಡೆ ಮರೆತಿದ್ದರು. 2015ರ ಮಾರ್ಚ್‌ನಲ್ಲಿ ಬಯಲಿಗೆ ಬಂದ ಫ್ರೀಕ್ ಎಂಬ ದಾಳಿಯಲ್ಲಿ, ನಡುವೆ ಕೂತ ಕಳ್ಳ ಬ್ರೌಸರಿಗೂ ಸರ್ವರಿಗೂ ಆ ಹಳೆಯ 512 ಬಿಟ್ಟಿನ ಆರ್‌ಎಸ್‌ಎ ಕೀಲಿಯನ್ನೇ ಒಪ್ಪಿಸಿಬಿಡುತ್ತಿದ್ದ (ಈ ಬಗೆಯ ಕೀಲಿಯಲ್ಲಿ ಬಿಟ್ಟಿನ ಲೆಕ್ಕವೇ ಬೇರೆ, 512 ಅಲ್ಲಿ ದುರ್ಬಲವೇ). ಬಾಡಿಗೆ ಕಂಪ್ಯೂಟರುಗಳಲ್ಲಿ ಅದನ್ನು ಒಡೆಯಲು ಸುಮಾರು ಏಳೂವರೆ ಗಂಟೆ, ಸುಮಾರು 100 ಡಾಲರ್ ಸಾಕಾಯಿತು. ಆ ದೋಷವಿದ್ದ ತಾಣಗಳಲ್ಲಿ ಅಮೆರಿಕದ ರಾಷ್ಟ್ರೀಯ ಭದ್ರತಾ ಏಜೆನ್ಸಿಯದೂ ಒಂದು. ಪರರಿಗೆಂದು ಮಾಡಿದ ದುರ್ಬಲ ಕೀಲಿ ಹದಿನೈದು ವರ್ಷದ ಬಳಿಕ ತಮ್ಮ ಬಾಗಿಲಲ್ಲೇ ತೂಗಾಡುತ್ತಿತ್ತು.

ಈಗ ಕರ್ನಾಟಕಕ್ಕೆ ಬರೋಣ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು ಉಪಗ್ರಹ ಸಂಪರ್ಕದ ಮೂಲಕ ಕೆಲಸ ಕಳಿಸತೊಡಗಿದ ಮೇಲೆ, ನಮ್ಮ ಊರುಗಳ ಹುಡುಗರು ಬರೆದ ಸಾಲುಗಳು ಕಡಲು ದಾಟುವುದು ದಿನದ ಮಾತಾಯಿತು. ಅವರಿಗೆ ಇಂಥ ನಿಯಮಗಳ ಬಿಸಿ ಎರಡು ಕಡೆಯಿಂದ ತಟ್ಟಿತು. ಮೊದಲನೆಯದು ಹೊರಗಿನಿಂದ. 1998ರ ಪೋಖ್ರಾನ್ ಪರೀಕ್ಷೆಯ ಬಳಿಕ ಅಮೆರಿಕ ಇಸ್ರೊ, ಡಿಆರ್‌ಡಿಒದ ಪ್ರಯೋಗಾಲಯಗಳು, ಬಿಇಎಲ್, ಎಚ್‌ಎಎಲ್ ಮೊದಲಾದವನ್ನು ನಿರ್ಬಂಧಿತರ ಪಟ್ಟಿಗೆ ಸೇರಿಸಿತು. ಇವುಗಳಲ್ಲಿ ಬಹಳಷ್ಟರ ನೆಲೆ ಬೆಂಗಳೂರು. ಪಟ್ಟಿಯಲ್ಲಿದ್ದವರಿಗೆ ನಿಯಂತ್ರಿತ ತಂತ್ರಾಂಶವನ್ನು ಅನುಮತಿಯಿಲ್ಲದೆ ಕೊಡುವಂತಿರಲಿಲ್ಲ, ದುರಸ್ತಿಯ ಫೈಲು ಕಳಿಸುವುದೂ ಅದರಲ್ಲಿ ಸೇರಿತ್ತು. 2001ರಲ್ಲಿ ಬಹುಪಾಲು ಹೆಸರುಗಳು ಹೋದವು. ಇಸ್ರೊ ಮತ್ತು ಡಿಆರ್‌ಡಿಒ ಅಂಗಸಂಸ್ಥೆಗಳ ಉಳಿದ ಹೆಸರುಗಳು ಪಟ್ಟಿಯಿಂದ ಹೊರಬರಲು 2011ರ ಜನವರಿಯವರೆಗೆ ಕಾಯಬೇಕಾಯಿತು. ಅಷ್ಟು ವರ್ಷ ಬೆಂಗಳೂರಿನ ಅಮೆರಿಕನ್ ಕಂಪನಿಯೊಂದರ ಇಂಜಿನಿಯರು ಅದೇ ಊರಿನ ಪ್ರಯೋಗಾಲಯಕ್ಕೆ ನೆರವಾಗುವ ಮೊದಲು ವಾಷಿಂಗ್‌ಟನ್ನಿನ ಕಡೆ ನೋಡಬೇಕಿತ್ತು.

ಎರಡನೆಯದು ಒಳಗಿನಿಂದ. ಇಂಟರ್ನೆಟ್ ಸೇವೆಯನ್ನು ಖಾಸಗಿಯವರಿಗೆ ತೆರೆದಾಗ ನಮ್ಮ ದೂರಸಂಪರ್ಕ ಇಲಾಖೆ ಪರವಾನಗಿಯಲ್ಲಿ ಒಂದು ಷರತ್ತು ಬರೆಯಿತು: 40 ಬಿಟ್ಟಿನವರೆಗೆ ಅನುಮತಿ ಬೇಡ, ಅದಕ್ಕಿಂತ ಹೆಚ್ಚಾದರೆ ಅನುಮತಿ ಪಡೆದು ಕೀಲಿಕೈಯನ್ನು ಎರಡು ಭಾಗ ಮಾಡಿ ಸರ್ಕಾರದಲ್ಲಿ ಠೇವಣಿ ಇಡಬೇಕು. 2001ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕು ಇಂಟರ್ನೆಟ್ ಬ್ಯಾಂಕಿಂಗಿಗೆ 128 ಬಿಟ್ ಇರಬೇಕೆಂದಿತು. ಒಂದು ಇಲಾಖೆ ಗಟ್ಟಿ ಕೀಲಿ ಹಾಕೆಂದಿತು, ಇನ್ನೊಂದರ ಕಾಗದದಲ್ಲಿ ಅದೇ ಕೀಲಿಗೆ ಅನುಮತಿ ಬೇಕಿತ್ತು. ಬ್ಯಾಂಕುಗಳಿಗೆ ತಂತ್ರಾಂಶ ಬರೆಯುವವರು ವರ್ಷಗಟ್ಟಲೆ ಈ ಎರಡು ಮಾತಿನ ನಡುವೆ ಕೆಲಸ ಮಾಡಿದರು.

ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ದುಡಿದವರಿಗೆ ಇನ್ನೊಂದು ನೆನಪಿರುತ್ತದೆ. 256 ಬಿಟ್ಟಿನ ಕೀಲಿಕೈ ಕೊಟ್ಟರೆ ಪರದೆಯ ಮೇಲೆ ‘ಇಲ್ಲೀಗಲ್ ಕೀ ಸೈಜ್’ ಎಂಬ ದೋಷ ಬಂದು ಕಾರ್ಯಕ್ರಮ ನಿಲ್ಲುತ್ತಿತ್ತು. ಲೆಕ್ಕದಲ್ಲಿ ತಪ್ಪಿರುತ್ತಿರಲಿಲ್ಲ. ಕೆಲವು ದೇಶಗಳ ಆಮದು ನಿಯಮಕ್ಕೆ ತಕ್ಕಂತೆ ಜಾವಾವನ್ನು 128 ಬಿಟ್ಟಿಗೇ ಮಿತಿಗೊಳಿಸಿ ಕೊಡುತ್ತಿದ್ದರು. ಆ ಮಿತಿ ತೆಗೆಯಲು ಬೇರೊಂದು ಫೈಲನ್ನು ಇಳಿಸಿ ಹಾಕಬೇಕಿತ್ತು. 2017ರಲ್ಲಿ ಜಾವಾ 9 ಬಂದಾಗ, ಜಾವಾ 8ಕ್ಕೆ 2018ರ ಜನವರಿಯಲ್ಲಿ, ಈ ಕಟ್ಟು ಕಳಚಿತು. ರಾಜತಾಂತ್ರಿಕರು ಬರೆದ ಸಾಲು ಕಾರ್ಯಕ್ರಮದ ದೋಷವಾಗಿ ಕಾಣಿಸಿಕೊಂಡ ಅಪರೂಪದ ಉದಾಹರಣೆ ಇದು.

ಇಷ್ಟು ಕಾಲ ಭಾರತ ಬೇರೆಯವರ ತಡೆಗೆ ಸಿಕ್ಕ ದೇಶವಾಗಿತ್ತು. 2017ರಿಂದ ತಾನೇ ತಡೆ ಕಾಯುವ ದೇಶವಾಗಿದೆ. ಆ ವರ್ಷದ ಮೇ 1ರಿಂದ, ನಮ್ಮ ರಫ್ತು ನಿಯಂತ್ರಣದ ಸ್ಕೊಮೆಟ್ ಪಟ್ಟಿಗೆ ಎಂಟನೆಯ ವರ್ಗ ಸೇರಿತು. ಅದರಲ್ಲಿ ಮಾಹಿತಿ ಭದ್ರತೆಗೆಂದೇ ಒಂದು ಭಾಗವಿದೆ. ಡಿಸೆಂಬರಿನಲ್ಲಿ ಭಾರತ ವಾಸೆನಾರ್ ಒಪ್ಪಂದದ 42ನೆಯ ಸದಸ್ಯನಾಯಿತು. ಶೀತಲ ಸಮರ ಮುಗಿದ ಮೇಲೆ ಹಳೆಯ ನಿರ್ಬಂಧ ಕೂಟದ ಜಾಗದಲ್ಲಿ 1996ರಲ್ಲಿ ಕಾರ್ಯರೂಪಕ್ಕೆ ಬಂದ ರಫ್ತು ನಿಯಂತ್ರಣ ಒಪ್ಪಂದ ಇದು. ನಿಯಂತ್ರಣ ಶುರುವಾಗುವ ಗೆರೆ ಈಗಲೂ ಹಳೆಯದೇ: ಒಂದೇ ಕೀಲಿಕೈಯಿಂದ ಮುಚ್ಚಿ ತೆರೆಯುವ ವಿಧಾನವಾದರೆ 56 ಬಿಟ್, ಆರ್‌ಎಸ್‌ಎ ಆದರೆ 512 ಬಿಟ್. ಇವೆರಡಕ್ಕಿಂತ ಕೆಳಗಿನ ಕೀಲಿಯನ್ನು ಇಂದು ಯಾರೂ ಬಳಸುವುದಿಲ್ಲ, ಬಳಸಬಾರದು. ಹಾಗಾಗಿ ಕೆಲಸಕ್ಕೆ ಬರುವ ಪ್ರತಿಯೊಂದು ಎನ್‌ಕ್ರಿಪ್ಷನ್ನೂ ಮೊದಲು ಪಟ್ಟಿಯೊಳಗೆ ಬೀಳುತ್ತದೆ, ಆಮೇಲೆ ವಿನಾಯಿತಿಯ ಬಾಗಿಲು ಹುಡುಕಬೇಕು.

ಇದು ನಮ್ಮ ಬೀದರ್ ಜಿಲ್ಲೆಯವರ ಬದುಕಿಗೆ ಹೇಗೆ ತಾಗುತ್ತದೆ? ಭಾಲ್ಕಿಯ ಭೀಮಣ್ಣ ಖಂಡ್ರೆ ತಾಂತ್ರಿಕ ಕಾಲೇಜು, ಬೀದರಿನ ಗುರುನಾನಕ್ ದೇವ್ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದವರು ಹೈದರಾಬಾದಿಗೋ ಬೆಂಗಳೂರಿಗೋ ಹೋಗುವುದು ರೂಢಿ. ಭಾತಂಬ್ರಾದ ಇಬ್ಬರು ಊರಲ್ಲೇ ಕೂತು ಒಂದು ಕಂಪನಿ ಮಾಡಿದರೆಂದುಕೊಳ್ಳೋಣ. ಅವರ ಮೊದಲ ಸರಕು ತೊಗರಿ, ಸೋಯಾ ಬೆಲೆ ತೋರಿಸುವ ಆ್ಯಪ್. ಅದನ್ನು ಆ್ಯಪಲ್‌ನ ಆ್ಯಪ್ ಸ್ಟೋರಿಗೆ ಏರಿಸುವಾಗಲೇ ಪ್ರಶ್ನೆ ಎದುರಾಗುತ್ತದೆ: ನಿಮ್ಮ ಆ್ಯಪ್ ಎನ್‌ಕ್ರಿಪ್ಷನ್ ಬಳಸುತ್ತದೆಯೇ? ಆ್ಯಪ್ ಹೋಗಿ ಕೂರುವುದು ಅಮೆರಿಕದ ಕಂಪನಿಯ ಸರ್ವರಿನಲ್ಲಿ. ಅಲ್ಲಿಂದ ಬೇರೆ ದೇಶದವನು ಇಳಿಸಿಕೊಂಡರೆ ಅದು ಅಮೆರಿಕದ ಲೆಕ್ಕದಲ್ಲಿ ರಫ್ತು. ಫೋನಿನಲ್ಲೇ ಇರುವ ಮಾಮೂಲಿ ಎಚ್‌ಟಿಟಿಪಿಎಸ್ ಮಾತ್ರ ಬಳಸಿದ್ದರೆ ಅಲ್ಲಿಗೆ ಮುಗಿಯಿತು, ದಾಖಲೆ ಕೇಳುವುದಿಲ್ಲ. ತಾವೇ ಹೊಸೆದ ಗೂಢಲಿಪಿ ಸೇರಿಸಿದ್ದರೆ ಹಾದಿ ಕಠಿಣ, ಏಕೆಂದರೆ ಮಾನಕವಲ್ಲದ ಗೂಢಲಿಪಿಯನ್ನು ಅಮೆರಿಕದ ನಿಯಮ ಹೆಚ್ಚು ಬಿಗಿಯಾಗಿ ನೋಡುತ್ತದೆ. ಈ ಒಂದು ವಿಷಯದಲ್ಲಿ ಕಾನೂನು ಮತ್ತು ವಿಜ್ಞಾನ ಒಂದೇ ಮಾತು ಹೇಳುತ್ತವೆ: ಜಗತ್ತೇ ತಿವಿದು ನೋಡಿದ ವಿಧಾನವನ್ನು ಬಿಟ್ಟು ಮನೆಯಲ್ಲಿ ಹೊಸೆದದ್ದನ್ನು ನಂಬಬೇಡಿ.

ಅದೇ ಇಬ್ಬರು ಎರಡನೆಯ ಸರಕಾಗಿ, ಕಚೇರಿಗಳ ನಡುವಿನ ಸಂದೇಶಗಳನ್ನು ಮುಚ್ಚಿ ಕಳಿಸುವ ವಿಪಿಎನ್ ಪೆಟ್ಟಿಗೆ ಮಾಡಿ ದುಬೈನ ಗಿರಾಕಿಗೆ ಮಾರಹೊರಟರೆ ಕಥೆ ಬೇರೆ. ಗುಟ್ಟು ಕಾಯುವುದೇ ಅದರ ಮುಖ್ಯ ಕಸುಬು, ಹಾಗಾಗಿ ಅದು ಪಟ್ಟಿಯ ನಟ್ಟನಡುವೆ ಬೀಳುತ್ತದೆ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯಕ್ಕೆ ಅರ್ಜಿ ಹಾಕಬೇಕು, ಕೊನೆಯ ಬಳಕೆದಾರ ಯಾರು, ಏತಕ್ಕೆ ಬಳಸುತ್ತಾನೆ ಎಂದು ಬರೆಸಿಕೊಳ್ಳಬೇಕು. ಹಲವು ಸಚಿವಾಲಯಗಳ ಜಂಟಿ ಸಮಿತಿ ಅದನ್ನು ನೋಡುತ್ತದೆ. ಪೆಟ್ಟಿಗೆ ಕಳಿಸದೆ ತಂತ್ರಾಂಶವನ್ನು ಇ-ಮೇಲಿನಲ್ಲಿ ಕಳಿಸಿದರೂ ಅದು ರಫ್ತೇ. ಇದಕ್ಕೆ ಎದುರಾಗಿ, ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳುವಂಥ, ಬಳಕೆದಾರ ಕೀಲಿಯ ಬಗೆಯನ್ನು ಬದಲಿಸಲಾಗದಂಥ, ತಾನೇ ಹಾಕಿಕೊಳ್ಳಬಹುದಾದ ತಂತ್ರಾಂಶಕ್ಕೆ ವಿನಾಯಿತಿ ಇದೆ. ಸಾರ್ವಜನಿಕವಾಗಿ ತೆರೆದಿಟ್ಟ ಮೂಲಸಂಕೇತಕ್ಕೆ ಇದೆ. ಬ್ಯಾಂಕು ವ್ಯವಹಾರಕ್ಕೆಂದೇ ಮಾಡಿ ಅದಕ್ಕೇ ಸೀಮಿತಗೊಳಿಸಿದ ಉಪಕರಣಕ್ಕೂ, ವೈದ್ಯಕೀಯ ಉಪಕರಣಕ್ಕೂ ಇದೆ. ಸಹಿ, ಗುರುತು ಖಚಿತಪಡಿಸುವ ತಂತ್ರಾಂಶ, ಅಂದರೆ ನಮ್ಮ ಮುದ್ರೆ, ಇಂದಿಗೂ ನಿರಾತಂಕ. ಮಾಹಿತಿ ಭದ್ರತೆಯ ಸರಕುಗಳಿಗೆ ಪ್ರತಿ ಸಲ ಬೇರೆ ಅರ್ಜಿ ಬೇಡದ ಸಾಮಾನ್ಯ ಅನುಮತಿಯನ್ನೂ ಕೇಂದ್ರ ಈಚೆಗೆ ತಂದಿದೆ. ಒಳ್ಳೆಯ ಹೆಜ್ಜೆ.

ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ವಿಂಡ್ ರಿವರ್ ಕಂಪನಿಯ ಪ್ರಕರಣ ನೋಡಬಹುದು. ಆಗ ಇಂಟೆಲ್‌ನ ಕೈಕೆಳಗಿದ್ದ ಅದು ಚೀನಾ, ರಷ್ಯಾ, ಇಸ್ರೇಲ್ ಮೊದಲಾದ ಕಡೆಯ ಸರ್ಕಾರಿ ಗಿರಾಕಿಗಳಿಗೆ ಅನುಮತಿ ಪಡೆಯದೆ ಎನ್‌ಕ್ರಿಪ್ಷನ್ ಇದ್ದ ತಂತ್ರಾಂಶ ಮಾರಿತ್ತು. ತಪ್ಪನ್ನು ತಾನೇ ಮುಂದೆ ಬಂದು ಹೇಳಿಕೊಂಡಿತು. ಹಾಗಿದ್ದೂ 2014ರಲ್ಲಿ 7.5 ಲಕ್ಷ ಡಾಲರ್ ದಂಡ ತೆತ್ತಿತು. ದೊಡ್ಡ ಕಂಪನಿಗೆ ಅದೊಂದು ಲೆಕ್ಕದ ಸಾಲು. ಐದಾರು ಜನರ ಕಂಪನಿಗೆ ಅಷ್ಟು ದಂಡವೆಂದರೆ ಬಾಗಿಲು ಮುಚ್ಚಿದಂತೆ.

ನನ್ನ ತಕರಾರು ಇಲ್ಲೇ ಇದೆ. ದೊಡ್ಡ ಕಂಪನಿಯಲ್ಲಿ ಈ ನಿಯಮಗಳನ್ನು ಓದಲೆಂದೇ ವಕೀಲರ ಒಂದು ವಿಭಾಗ ಇರುತ್ತದೆ. ಚಿಕ್ಕವರಲ್ಲಿ ಬರೆಯುವವನೇ ಮಾರುವವನು, ಅವನೇ ವಕೀಲ. ಅವನು ಹೆದರಿ ಕೀಲಿಯನ್ನೇ ಸಡಿಲ ಮಾಡಿದರೆ ಗಿರಾಕಿಯ ಗುಟ್ಟು ಹೋಗುತ್ತದೆ. ಗೊತ್ತಿಲ್ಲದೆ ಗಟ್ಟಿ ಮಾಡಿ ಕಳಿಸಿದರೆ ದಂಡ ಬೀಳುತ್ತದೆ. ಇತ್ತ ದುಷ್ಟನಿಗೆ ಒಂದಿಷ್ಟೂ ತೊಂದರೆಯಿಲ್ಲ, ಓಪನ್‌ಎಸ್‌ಎಸ್‌ಎಲ್ ಅವನಿಗೆ ಪುಕ್ಕಟೆ ಸಿಗುತ್ತದೆ. ಕ್ಷಿಪಣಿಯ ಬಿಡಿಭಾಗವನ್ನೋ ವಿಷಾನಿಲವನ್ನೋ ಗಡಿಯಲ್ಲಿ ತಡೆಯುವುದನ್ನು ನಾನು ಪೂರ್ಣ ಮನಸ್ಸಿನಿಂದ ಒಪ್ಪುತ್ತೇನೆ. ಸೇನೆಗೆಂದೇ ಮಾಡಿದ ಸಂಕೇತ ಯಂತ್ರಗಳನ್ನೂ ತಡೆಯಲಿ. 56 ಬಿಟ್ಟಿನ ಗೆರೆಯನ್ನು ಮಾತ್ರ ವಿಜ್ಞಾನದ ಯಾವ ಲೆಕ್ಕದಿಂದಲೂ ಸಮರ್ಥಿಸಲಾಗದು.

ದೇಶದೊಳಗಿನ ಮಾತೂ ಇನ್ನೂ ಇತ್ಯರ್ಥವಾಗಿಲ್ಲ. 2008ರ ತಿದ್ದುಪಡಿಯಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಗೆ ಸೇರಿದ 84ಎ ಕಲಮು ಎನ್‌ಕ್ರಿಪ್ಷನ್ ವಿಧಾನಗಳನ್ನು ಗೊತ್ತುಮಾಡುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿತು. ಅದರಡಿ 2015ರ ಸೆಪ್ಟೆಂಬರಿನಲ್ಲಿ ಹೊರಟ ಕರಡು ನೀತಿ, ಜನ ತಮ್ಮ ಸಂದೇಶಗಳನ್ನು ಕೀಲಿಯಿಲ್ಲದೆ 90 ದಿನ ಉಳಿಸಿಕೊಂಡಿರಬೇಕು ಎಂದಿತ್ತು. ಪ್ರತಿಭಟನೆ ಎದ್ದು ಕೆಲವೇ ದಿನಗಳಲ್ಲಿ ಅದನ್ನು ಹಿಂದೆಗೆದುಕೊಂಡರು.

ಭಾಲ್ಕಿ, ಬೀದರಿನ ಇಂಜಿನಿಯರಿಂಗ್ ಅಧ್ಯಾಪಕರಲ್ಲಿ ನನ್ನದೊಂದು ಕೋರಿಕೆ. ಗೂಢಲಿಪಿಯ ಪಾಠ ಮಾಡುವಾಗ ಎಇಎಸ್, ಆರ್‌ಎಸ್‌ಎ ಲೆಕ್ಕಗಳ ಜೊತೆ ಒಂದು ತರಗತಿಯನ್ನು ಸ್ಕೊಮೆಟ್ ಪಟ್ಟಿಯ ಎಂಟನೆಯ ವರ್ಗಕ್ಕೆ ಮೀಸಲಿಡಿ. ಪಟ್ಟಿ ಮಹಾನಿರ್ದೇಶನಾಲಯದ ತಾಣದಲ್ಲಿ ಯಾರಿಗಾದರೂ ಸಿಗುತ್ತದೆ. ವಿನಾಯಿತಿಗಳನ್ನು ಸಾಲುಸಾಲಾಗಿ ಓದಿಸಿ, ವಿದ್ಯಾರ್ಥಿಗಳ ಪ್ರಾಜೆಕ್ಟುಗಳು ಯಾವ ಸಾಲಿಗೆ ಬೀಳುತ್ತವೆಂದು ಅವರಿಂದಲೇ ಬರೆಸಿ. ಆ ಬರಹವನ್ನು ಕನ್ನಡದಲ್ಲೇ ಬರೆಸಿದರೆ ಮುಂದಿನ ವರ್ಷದವರಿಗೂ ಉಪಯೋಗಕ್ಕೆ ಬರುತ್ತದೆ.